ಅತ್ತಿಗೆ ಒಪ್ಪಿಕೊಂಡರಂತೆ

ನಾನು ಇಂಗ್ಲಿಷಿನಲ್ಲಿ ಬರೆದ ಒಂದೇ ಒಂದು ಕ್ರಿಯಾಪದ ಓದಿ ಎರಡು ದೇಶಗಳು ಯುದ್ಧ ನಿಲ್ಲಿಸಿವೆ. ಕೃತಜ್ಞತೆ ಹೇಳಲು ಸೇನಾಪತಿಗಳಿಬ್ಬರೂ ಫೋನ್ ಮಾಡಿದ್ದರು. ನನಗೆ ಪುರುಸೊತ್ತಿರಲಿಲ್ಲ, ಎತ್ತಲಿಲ್ಲ.

ಊರಿನ ಇಂಗ್ಲಿಷ್ ಪತ್ರಿಕೆಗೆ ನಾನೇ ವರದಿಗಾರ. ಯಾರದ್ದೇ ಲಿಖಿತ ಹೇಳಿಕೆ ಬರಲಿ, ಅವರು 'ಹೇಳಿದರು' ಅನ್ನಬೇಕೋ, 'ವಾದಿಸಿದರು' ಅನ್ನಬೇಕೋ, 'ಒಪ್ಪಿಕೊಂಡರು' ಅನ್ನಬೇಕೋ, ಕಾಗದ ಮೂಸಿ ನೋಡಿಯೇ ತಿಳಿಯಬಲ್ಲೆ. ಸಂಪಾದಕರು ನನ್ನ ಮೇಜಿನ ಮುಂದೆ ಕೈಕಟ್ಟಿ ನಿಲ್ಲುತ್ತಾರೆ.

ಮೊನ್ನೆ ನೀರು ಪರೀಕ್ಷಾ ಕೇಂದ್ರದಿಂದ ಒಂದು ಹೇಳಿಕೆ ಬಂತು. ಬರೆದವರು ಅಲ್ಲಿನ ಮುಖ್ಯಸ್ಥೆ, ಅಂದರೆ ನಮ್ಮ ಅತ್ತಿಗೆ. ಯಂತ್ರ ಕೆಟ್ಟಿತ್ತು, ಸೋಮವಾರದ ನೀರನ್ನು ಪಕ್ಕದ ಊರಿಗೆ ಕಳಿಸಿ ಪರೀಕ್ಷೆ ಮಾಡಿಸಿದೆವು, ನೀರು ಚೆನ್ನಾಗಿದೆ. ಇಷ್ಟೇ. ಸಪ್ಪೆ ಹೇಳಿಕೆಗೆ ನಾನು ಜೀವಕಳೆ ತುಂಬಿ ಅಚ್ಚಿಗೆ ಕಳಿಸಿದೆ.

ಮರುದಿನ ಬೆಳಿಗ್ಗೆ ಅತ್ತಿಗೆ ಪತ್ರಿಕೆ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

"ಏನೋ ಮಹಾಪಂಡಿತ, ಯಂತ್ರ ಕೆಟ್ಟಿತ್ತು ಅಂತ ನಾನು 'ಅಡ್ಮಿಟ್' ಮಾಡಿದ್ನಾ? ಒಪ್ಕೊಳ್ಳೋಕೆ ನಾನೇನು ಬಚ್ಚಿಟ್ಟಿದ್ದೆ?"

"ಅದ್ರಲ್ಲೊಂದು ಸೂಕ್ಷ್ಮ ಇದೆ ಅತ್ತಿಗೆ. ನಮ್ಮಂಥ ಅನುಭವಸ್ಥರಿಗೆ ನೀವು ಬರೀದೆ ಬಿಟ್ಟಿದ್ದೂ ಕಾಣುತ್ತೆ."

"ನಮ್ಮ ಮೇಲಿನ ಸಾಹೇಬ್ರಿಗೂ ಕಂಡಿದೆ ಬಿಡು. 'ಸ್ವಂತ ಮೈದುನನೇ ಬರೆದಿದ್ದಾನೆ ಅಂದ್ಮೇಲೆ ಮನೇಲಿ ಏನೋ ಬಾಯಿಬಿಟ್ಟಿರ್ತೀರಿ' ಅಂತಾರೆ. ಹನ್ನೊಂದಕ್ಕೆ ವಿಚಾರಣೆ. ಕೆಲಸ ಉಳಿದ್ರೆ ನನ್ನ ಪುಣ್ಯ."

ಗಡ್ಡಕ್ಕೆ ನೊರೆ ಹಚ್ಚಿಕೊಂಡಿದ್ದ ಅಣ್ಣ ಹಾಗೆಯೇ ಓಡಿಬಂದ. "ಗೊತ್ತಿದ್ರೆ ಈಗ್ಲೇ ಬೊಗಳೋ. ಏನು ಮುಚ್ಚಿಟ್ಟಿದ್ಲು ಇವಳು?"

ಕೇಳಿದ್ದು ನನ್ನನ್ನು, ನೋಡಿದ್ದು ಹೆಂಡತಿಯನ್ನು. ಅತ್ತಿಗೆಯ ಮುಖ ಸಣ್ಣದಾಯಿತು. ಲೋಕವನ್ನೇ ನಡುಗಿಸುವ ನಾನು ಮಂಚದ ಮೂಲೆಗೆ ಸರಿದೆ.

"ಏನೂ ಇಲ್ಲ ಅಣ್ಣ," ಎಂದೆ ಕೊನೆಗೆ. "ಮೇಲಿನ ಸಾಲಲ್ಲಿ 'ಸೆಡ್' ಬಂದಿತ್ತು. ಅದರ ಕೆಳಗೆ 'ಸ್ಟೇಟೆಡ್' ಹಾಕಿದ್ದೆ. ಬರೆದಿದ್ದೇ ಬರೆದ್ರೆ ಓದೋರಿಗೆ ಬೇಜಾರು ಅಂತ ಇನ್ನೊಂದು ಹುಡುಕಿದೆ. 'ಅಡ್ಮಿಟೆಡ್' ಸಿಕ್ತು."

"ಸಿಕ್ತು?" ಅಣ್ಣನ ಗಲ್ಲದಿಂದ ನೊರೆ ನೆಲಕ್ಕೆ ಬಿತ್ತು.

"ಷರ್ಟು ಹಾಕ್ಕೋ," ಅಂದರು ಅತ್ತಿಗೆ. "ಇದನ್ನ ಅಲ್ಲಿ ಬಂದು ಹೇಳು."

"ಅಚ್ಚಿನ ತಪ್ಪು ಅಂದ್ರೆ ಆಗಲ್ವಾ ಅತ್ತಿಗೆ?"

ಅವರು ಪತ್ರಿಕೆ ಮಡಚಿ ಕಂಕುಳಿಗಿಟ್ಟುಕೊಂಡರು. ಮೆಟ್ಟಿಲಿಳಿದು ಹೋದರು. ನಾನು ಗುಂಡಿ ಹಾಕಿಕೊಳ್ಳುತ್ತಲೇ ಹಿಂದೆ ಓಡಿದೆ.

ವಿಚಾರಣೆಯ ಕೋಣೆಯಲ್ಲಿ ನನಗೆ ಕುರ್ಚಿ ಕೊಡಲಿಲ್ಲ. ನಾನು ವರ್ಷಗಟ್ಟಲೆ ಮೆರೆಸಿದ್ದ ಇಂಗ್ಲಿಷಿನ ಒಂದು ಪದವೂ ಸಾಹೇಬರ ಮುಂದೆ ಬಾಯಿಗೆ ಬರಲಿಲ್ಲ.

"ಅವರು ಏನನ್ನೂ ಮುಚ್ಚಿಟ್ಟಿಲ್ಲ ಸರ್. ನನಗೇನೂ ಗೊತ್ತಿರಲಿಲ್ಲ. ಚೆಂದ ಕಾಣಲಿ ಅಂತ ಬರೆದೆ."