ನೀರುನಾಯಿ ಮರಿಯ ಊಟ

ಮುಡುಕುತೊರೆಯ ಹೊಳೆದಂಡೆಯಲ್ಲಿ, ಹರಿದ ಬಲೆಗೆ ಸಿಕ್ಕಿ ಕೀಚಲು ದನಿಯಲ್ಲಿ ಅಳುತ್ತಿದ್ದ ನೀರುನಾಯಿ ಮರಿಯನ್ನು ಸೆರಗಿನಲ್ಲಿ ಸುತ್ತಿ ತಂದವಳು ಮಂಗಳಗೌರಿ. ಬಸ್ಸು ಹತ್ತಿ ನರಸೀಪುರದ ದನದ ಡಾಕ್ಟರ ಹತ್ತಿರ ಓಡಿದವಳೂ ಅವಳೇ. ಡಾಕ್ಟರು ಕಾಲಿಗೆ ಪಟ್ಟಿ ಕಟ್ಟಿದರು. ಫಾರೆಸ್ಟ್ ಗಾರ್ಡ್ ಬಂದು ನೋಡಿ, "ಗಾಯ ಮಾಯೋಗಂಟ ನಿಮ್ತಾವೇ ಇರ್ಲಿ ಟೀಚ್ರಮ್ಮ, ಆಮೇಲೆ ಒಳೆಗೆ ಬಿಡಾಣ" ಎಂದು ಹೋದ. ಅದು ತೊಂಬತ್ತೆಂಟರ ಬೇಸಿಗೆ.

ಮರಿಗೆ ಬೇಕಾದದ್ದು ಮೀನು. ಕೊರಳಲ್ಲಿ ಲಿಂಗ ಧರಿಸಿದ ಮಂಗಳಗೌರಿ ಐವತ್ತೆರಡು ವರ್ಷದಲ್ಲಿ ಮೀನು ಮುಟ್ಟಿದವಳಲ್ಲ. ಮೊಸರನ್ನ ಕಲಸಿಟ್ಟಳು, ಮರಿ ಮೂತಿ ತಿರುಗಿಸಿತು. ಕೊನೆಗೆ ಅಂಗನವಾಡಿಯ ಯಶೋಧರಾಳನ್ನು ಕೇಳಬೇಕಾಯಿತು. ಅವಳು ದಿನವೂ ಬೆಳಗ್ಗೆ ಬಂದು, ಕುಕ್ಕರಗಾಲಲ್ಲಿ ಕೂತು, ಸಣ್ಣ ಮೀನುಗಳನ್ನು ಒಂದೊಂದಾಗಿ ತಿನ್ನಿಸುತ್ತಿದ್ದಳು.

ಹತ್ತು ದಿನದಲ್ಲಿ ಯಶೋಧರಾಳ ಚಪ್ಪಲಿಯ ಸದ್ದಿಗೇ ಮರಿ ಸಿಳ್ಳೆ ಹಾಕತೊಡಗಿತು. ಪಟ್ಟಿ ಬಿಚ್ಚಿ, ಔಷಧ ಹಚ್ಚಿ, ಹೇಲು ಬಳಿಯುವ ಮಂಗಳಗೌರಿಯನ್ನು ಕಂಡರೆ ಬುಟ್ಟಿಯ ಮೂಲೆ ಸೇರುತ್ತಿತ್ತು. ಎರಡು ಸಲ ಕಚ್ಚಿಯೂ ಇತ್ತು.

"ನಿನ್ನ ಕಂಡ್ರೆ ಪ್ರಾಣ ಬಿಡ್ತದೆ" ಎಂದಳು ಮಂಗಳಗೌರಿ, ನಗುವಂತೆ ಮಾಡಿ.

"ಪ್ರಾಣ ಬಿಡಾದು ಮೀನ್ಗೆ ಕಣ್ರಮ್ಮ. ನನ್ ಗಂಡನೂ ಅಂಗೇಯ. ಸಾರಿನ್ ವಾಸ್ನೆ ಬಂದ್ರೇನೇ ನನ್ ಎಸ್ರು ಗ್ಯಾಪ್ಕ ಬರಾದು."

"ಸಾಕು ಸಾಕು. ಬೇಗ ಮುಗ್ಸು, ಅಂಗಳ ತೊಳೀಬೇಕು."

ಯಶೋಧರಾ ಅವಳ ಮುಖವನ್ನೊಮ್ಮೆ ನೋಡಿ, ಉಳಿದ ಮೀನನ್ನು ಬೇಗಬೇಗ ತಿನ್ನಿಸಿ ಎದ್ದಳು.

ಮರುದಿನ ಯಶೋಧರಾಳ ಅತ್ತೆ ಗೋವಿಂದಮ್ಮ ಬಂದು ಮೀನಿನ ಬಟ್ಟಲು ಇಟ್ಟಳು. "ಸೊಸೆಗೆ ಜ್ವರ ಕಣ್ರವ್ವ. ಇವತ್ತು ನೀವೇ ತಿನ್ಸಬೇಕಂತೆ."

ಮರಿಯ ಅಳು ತಡೆಯಲಾಗಲಿಲ್ಲ. ಮಂಗಳಗೌರಿ ಕಣ್ಣು ಮುಚ್ಚಿ, ಎರಡು ಬೆರಳಲ್ಲಿ ಮೀನು ಎತ್ತಿ ಹಿಡಿದಳು. ಲೋಳೆಲೋಳೆಯಾಗಿ ಮೈ ಜುಮ್ಮೆಂದಿತು. ಮರಿ ಬಂತು, ಮೂಸಿತು, ಮುಂಗಾಲುಗಳಿಂದ ಅವಳ ಬೆರಳನ್ನೇ ತಬ್ಬಿ ಮೀನು ಕಿತ್ತುಕೊಂಡಿತು.

ಕೈಯನ್ನು ಮೂರು ಸಲ ತೊಳೆದು, ಮೆಣಸಿನ ಕಷಾಯ ಕಾಯಿಸಿಕೊಂಡು ಹೊರಟಳು. ಯಶೋಧರಾಳ ಜ್ವರಕ್ಕೆ ಕಷಾಯ ನಿಜ. ಆದರೆ ಸುದ್ದಿ ಹೇಳಿ ಅವಳ ಮುಖ ನೋಡುವ ಆಸೆ ಅದಕ್ಕಿಂತ ದೊಡ್ಡದಿತ್ತು.

ದಾರಿಯಲ್ಲಿ ಅಂಗನವಾಡಿ. ಒಳಗೆ ಯಶೋಧರಾ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತ ಗಟ್ಟಿಯಾಗಿ ಹಾಡುತ್ತಿದ್ದಳು. ಇವಳನ್ನು ಕಂಡು ನಾಲಿಗೆ ಕಚ್ಚಿಕೊಂಡಳು.

"ತಿಂತಾ?"

"ತಿಂತು. ನಿನಗೆ ಜ್ವರ ಅಂದ್ರು?"

"ಸುಳ್ಳೇಳ್ದೆ ಕಣ್ರಮ್ಮ. ಒಳೆಗೆ ಬಿಡಾಕ್ ಮುಂಚೆ ಒಂದ್ಸಲನಾರ ನಿಮ್ ಕೈಲಿ ತಿನ್ಲಿ ಅಂತ."

ಮಂಗಳಗೌರಿಯ ಹೊಟ್ಟೆ ಇನ್ನೂ ಜೋರಾಗಿ ಉರಿಯಿತು. ಗೆದ್ದೆನೆಂದುಕೊಂಡದ್ದೂ ಇವಳು ಕೊಟ್ಟದ್ದೇ! ಇಂಥ ಮನಸ್ಸು ತನಗೆ ಯಾಕೆ ಬರಲಿಲ್ಲ?

ಕಷಾಯದ ಲೋಟವನ್ನು ಅವಳ ಕೈಗೆ ತುರುಕಿದಳು. "ಸುಳ್ಳು ಹೇಳಿದ್ದಕ್ಕೆ ಕುಡಿ. ನಾಳೆಯಿಂದ ಮೀನು ನಾನ್ ತಿನ್ನಿಸ್ತೀನಿ, ಪಟ್ಟಿ ನೀನ್ ಬಿಚ್ಚು. ನಿನ್ನನ್ನೂ ಒಂದಿನ ಕಚ್ಲಿ."