ಟವೆಲ್ ತುಂಬಿದ ಗಾಜಿನ ತೊಟ್ಟಿ

"ಅಂಕಲ್, ನಿಮ್ಮ ನೀಲಿ ಮೀನಿನ ಮೈಮೇಲೆ ಉಪ್ಪು ಬಿದ್ದಿದೆ!"

ಸಲೂನಿನ ಕುರ್ಚಿಯಲ್ಲಿ ಹಲಗೆ ಹಾಕಿಸಿಕೊಂಡು ಕೂತಿದ್ದ ಪುಟ್ಟ ಹುಡುಗಿ ಹೀಗಂದಾಗ ಕ್ಷೌರಿಕ ಕತ್ತರಿ ನಿಲ್ಲಿಸಿದ. ಕನ್ನಡಿಯ ಪಕ್ಕದ ದೊಡ್ಡ ತೊಟ್ಟಿಯತ್ತ ಬಗ್ಗಿ ನೋಡಿದ. ಹೌದು, ನೀಲಿ ಮೀನಿನ ಬೆನ್ನಿನ ಮೇಲೆ ಏಳೆಂಟು ಬಿಳಿ ಚುಕ್ಕೆ. ಯಾರೋ ಚಿಟಿಕೆ ಉಪ್ಪು ಉದುರಿಸಿದ ಹಾಗೆ.

"ಅದು ಸಮುದ್ರದ ಮೀನು ಕಣಮ್ಮ. ತೊಟ್ಟಿಯಲ್ಲಿರೋದೂ ಉಪ್ಪುನೀರೇ. ಒಂದೆರಡು ಹರಳು ಅಂಟಿರುತ್ತೆ ಬಿಡು. ತಲೆ ಅಲ್ಲಾಡಿಸಬೇಡ, ಕಿವಿ ಜೋಪಾನ" ಅಂದ.

"ನೀರಲ್ಲಿ ಉಪ್ಪು ಕರಗಲ್ವಾ ಅಂಕಲ್?"

ಕ್ಷೌರಿಕ ಮತ್ತೆ ಕತ್ತರಿ ಆಡಿಸತೊಡಗಿದ. ಮೂಲೆಯಲ್ಲಿ ಟವೆಲ್ ಮಡಿಸುತ್ತಿದ್ದ ಅವನ ತಾಯಿ ಕಿಸಕ್ಕನೆ ನಕ್ಕಳು.

ಆ ತೊಟ್ಟಿಯನ್ನು ಇಟ್ಟವನು ಅವನ ಅಪ್ಪ. ಕತ್ತರಿ ಕಂಡರೆ ಅಂಗಡಿ ಹಾರಿಹೋಗುವಂತೆ ಅಳುವ ಮಕ್ಕಳು ಮೀನು ನೋಡುತ್ತಾ ಸುಮ್ಮನೆ ಕೂರಲಿ ಎಂದು ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು ತಂದು ಬಿಟ್ಟಿದ್ದ. ಗಾತ್ರದಲ್ಲಿ ದೊಡ್ಡದು ಹೆಣ್ಣು, ಅದಕ್ಕೆ ದೊಡ್ಡಮ್ಮ ಅಂತ ಹೆಸರು. ಅದರ ಹಿಂದೆಯೇ ಸುತ್ತುವ ಗಂಡು ಚಿಕ್ಕಪ್ಪ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಮೀನುಗಳು ಇನ್ನೂ ಇವೆ. ತಾಯಿ ದಿನಾ ಬೆಳಿಗ್ಗೆ ಅಂಗಡಿಗೆ ಬಂದವಳು ಮೊದಲು ತೊಟ್ಟಿಯ ಮುಂದೆ ನಿಂತು, "ಏನಮ್ಮಾ ದೊಡ್ಡಮ್ಮಾ, ನಿದ್ದೆ ಆಯ್ತಾ?" ಅಂತ ಕೇಳದೆ ಪೊರಕೆ ಮುಟ್ಟುತ್ತಿರಲಿಲ್ಲ. ನೀಲಿ ಮೀನು ಮಾತ್ರ ಹೊಸದು. ಕ್ಷೌರಿಕ ಹತ್ತು ದಿನದ ಹಿಂದಷ್ಟೇ ಆಸೆಪಟ್ಟು ತಂದು ನೇರ ತೊಟ್ಟಿಗೆ ಬಿಟ್ಟಿದ್ದ. ಬಂದ ದಿನವೇ ಮನೆಯೆಲ್ಲ ತನ್ನದೇ ಎಂಬಂತೆ ಓಡಾಡಿತೆಂದು ತಾಯಿ ಅದಕ್ಕೆ 'ಹೊಸ ಅಳಿಯ' ಎಂದು ಹೆಸರಿಟ್ಟಿದ್ದಳು.

ಮಧ್ಯಾಹ್ನ ಮೇಲ್ಮನೆ ಅಕ್ಕ ಮೆಟ್ಟಿಲಿಳಿದು ಬಂದಳು. ಅಂಗಡಿಯ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಅವಳಿಗೆ ಕೆಲಸ ಮತ್ಸ್ಯಾಲಯದಲ್ಲಿ. ಜನ ಟಿಕೆಟ್ ತಗೊಂಡು ಬಂದು ನೋಡುವ ಮೀನುಗಳಿಗೆ ಊಟ, ಉಪಚಾರ, ಔಷಧಿ ಎಲ್ಲ ಅವಳದೇ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಅವಳು ಬಹಳ ಹೊತ್ತು ನೋಡಿದಳು.

"ಇದು ಮೈಯನ್ನ ಕಲ್ಲಿಗೆ ಉಜ್ಜುತ್ತಾ?"

"ಉಜ್ಜುತ್ತೆ ಅಕ್ಕಾ. ತುರಿಕೆ ಇರಬೇಕು."

"ಬಿಳಿಚುಕ್ಕೆ ರೋಗ ಕಣಪ್ಪಾ. ಹೋದ ವರ್ಷ ನಾನು ಒಂದು ಚಿಕ್ಕ ತೊಟ್ಟಿ ಕೊಟ್ಟಿದ್ದೆನಲ್ಲ, ಕಾಯಿಲೆ ಬಿದ್ದ ಮೀನಿಗೆ ಇರಲಿ ಅಂತ. ಎಲ್ಲಿದೆ?"

ಕ್ಷೌರಿಕ ತಾಯಿಯ ಮುಖ ನೋಡಿದ. ತಾಯಿ ಮೂಲೆಯ ಕಡೆ ಕೈ ತೋರಿಸಿದಳು. ಚಿಕ್ಕ ತೊಟ್ಟಿ ಅಲ್ಲೇ ಇತ್ತು, ಅಂಚಿನವರೆಗೆ ಟವೆಲ್ ತುಂಬಿಕೊಂಡು.

"ಧೂಳು ಬೀಳಲ್ಲ, ಎಷ್ಟು ಉಳಿದಿದೆ ಅಂತ ಹೊರಗಿಂದಲೇ ಕಾಣುತ್ತೆ" ಅಂದಳು ತಾಯಿ, ಸ್ವಲ್ಪ ನಾಚಿಕೆಯಿಂದಲೇ.

"ಅದನ್ನ ಖಾಲಿ ಮಾಡಿ ಇವತ್ತೇ ಸಿದ್ಧ ಮಾಡು" ಅಂದಳು ಅಕ್ಕ. ಕ್ಷೌರಿಕ ಮೂಗು ಮುರಿದ. "ಏಳೆಂಟು ಚುಕ್ಕೆಗೆ ಆಸ್ಪತ್ರೆ ಕಟ್ಟಿಸಬೇಕಾ ಅಕ್ಕಾ? ನಿಮ್ಮದು ದೊಡ್ಡ ಜಾಗ, ನಿಮಗೆ ಸರಿ. ನಮ್ಮದು ಎರಡು ಕುರ್ಚಿ ಅಂಗಡಿ."

ನಾಲ್ಕನೇ ದಿನ ನೀಲಿ ಮೀನಿನ ಮೈ ಕನ್ನಡಿಯ ಹಾಗಾಯಿತು. ಹುಡುಕಿದರೂ ಒಂದು ಚುಕ್ಕೆ ಇಲ್ಲ! ಕ್ಷೌರಿಕನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕ ಕೆಲಸ ಮುಗಿಸಿ ಬರುವುದನ್ನೇ ಕಾದು ಬಾಗಿಲಲ್ಲಿ ಹಿಡಿದುಕೊಂಡ.

"ಬನ್ನಿ ಅಕ್ಕಾ, ನೋಡಿ. ತಾನಾಗೇ ವಾಸಿ ಆಯ್ತು. ನಾನು ಹೇಳ್ಲಿಲ್ವಾ?"

ಅಕ್ಕ ನೋಡಿದಳು. ನಗಲಿಲ್ಲ. "ವಾಸಿಯಾಗಿಲ್ಲಪ್ಪಾ. ಕೆಳಗಿಳಿದಿದೆ."

"ಯಾರು ಕೆಳಗಿಳಿದಿದ್ದು?"

"ಚುಕ್ಕೆ ಅಂತ ನಿನಗೆ ಕಂಡಿದ್ದು ಒಂದು ಸಣ್ಣ ಜೀವಿ. ಹುಳ ಅಂತಲೇ ಇಟ್ಕೋ. ಮೀನಿನ ಚರ್ಮದೊಳಗೆ ಕೂತು ಊಟ ಮಾಡುತ್ತೆ. ನಾಲ್ಕೈದು ದಿನಕ್ಕೆ ಹೊಟ್ಟೆ ತುಂಬಿದ ಮೇಲೆ ಉದುರಿ ಮರಳಿಗೆ ಬೀಳುತ್ತೆ. ಅಲ್ಲಿ ಸುತ್ತ ಗಟ್ಟಿ ಚಿಪ್ಪು ಕಟ್ಟಿಕೊಂಡು ಒಂದಿದ್ದದ್ದು ನೂರಾರು ಆಗುತ್ತೆ. ಆಮೇಲೆ ಚಿಪ್ಪು ಒಡೆದು ಎಲ್ಲಾ ಮೇಲಕ್ಕೆ ಬರ್ತವೆ, ಮೀನು ಹುಡುಕಿಕೊಂಡು."

ತಾಯಿ ಟವೆಲ್ ಬಿಟ್ಟು ಎದ್ದು ಬಂದಳು. ಮೂವರೂ ಮರಳನ್ನೇ ನೋಡಿದರು. ಅಲ್ಲಿ ಏನೂ ಕಾಣಲಿಲ್ಲ. ಬಸವನಹುಳವೊಂದು ತನ್ನ ಪಾಡಿಗೆ ತಾನು ಹೋಗುತ್ತಿತ್ತು, ಹವಳದ ಪಕ್ಕ ಕೆಂಪು ಪಟ್ಟೆಯ ಸಿಗಡಿ ಮೀಸೆ ಆಡಿಸುತ್ತಿತ್ತು.

"ಕಾಣದ್ದನ್ನ ಹೇಗೆ ನಂಬೋದು ಅಕ್ಕಾ?"

"ಕಾಣೋವರೆಗೆ ಕಾಯ್ತೀಯಾ? ಸರಿ" ಅಂದವಳೇ ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಎರಡು ವಾರವನ್ನು ಪೆನ್ಸಿಲಿನಲ್ಲಿ ಸುತ್ತಿದಳು. "ಇಷ್ಟರೊಳಗೆ ಬರದಿದ್ದರೆ ನಿನ್ನ ಟವೆಲೆಲ್ಲ ಒಂದು ತಿಂಗಳು ನಾನು ಒಗೀತೀನಿ. ಆದರೆ ಸುಮ್ಮನೆ ಕಾಯಬೇಡ, ಆ ತೊಟ್ಟಿ ಸಿದ್ಧ ಮಾಡಿಟ್ಕೋ. ಇನ್ನೊಂದು ಮಾತು. ನೀನು ಪ್ರತಿ ಗಿರಾಕಿಗೂ ಹೊಸ ಬ್ಲೇಡ್ ಹಾಕ್ತೀಯಲ್ಲ, ರೋಗ ಇದೆಯಾ ಅಂತ ಕೇಳಿ ಹಾಕ್ತೀಯಾ?"

"ಇಲ್ಲ ಅಕ್ಕಾ. ಎಲ್ಲರಿಗೂ ಹಾಕೋದೇ. ಯಾರ ಮೈಯಲ್ಲಿ ಏನಿದೆಯೋ ಯಾರಿಗೆ ಗೊತ್ತು?"

"ಮತ್ತೆ ಹೊಸ ಮೀನನ್ನ ಯಾಕೆ ನೇರ ಒಳಗೆ ಬಿಟ್ಟೆ?"

ಕ್ಷೌರಿಕ ಮೂಲೆಯ ಟವೆಲ್‌ಗಳತ್ತ ನೋಡಿದ. ಆದರೂ ಚಿಕ್ಕ ತೊಟ್ಟಿ ಟವೆಲಿನ ಪೆಟ್ಟಿಗೆಯಾಗಿಯೇ ಉಳಿಯಿತು. ಮನುಷ್ಯನ ಸೋಮಾರಿತನ ಅಂದರೆ ಅದು. ಹಾಗಂತ ಕುತೂಹಲ ಬಿಡಲಿಲ್ಲ. ದಿನಾ ಅಂಗಡಿ ತೆರೆದ ಕೂಡಲೇ ತಾಯಿಗಿಂತ ಮೊದಲು ಅವನೇ ತೊಟ್ಟಿಯ ಮುಂದೆ ಹೋಗಿ ನಿಲ್ಲುತ್ತಿದ್ದ. ಗಿರಾಕಿಗಳೂ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡೇ "ಬಂತಾ?" ಅನ್ನುತ್ತಿದ್ದರು. "ಬಂದಿಲ್ಲ" ಅನ್ನುತ್ತಾ ಅವನು ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕುತ್ತಿದ್ದ.

ಒಂಬತ್ತನೇ ಬೆಳಿಗ್ಗೆ ಗೀಟು ಹಾಕಲು ಕೈ ಏಳಲಿಲ್ಲ. ಹೊಸ ಅಳಿಯನ ಮೈಯಲ್ಲಿ ಚುಕ್ಕೆ ಎಣಿಸುವ ಹಾಗಿರಲಿಲ್ಲ, ರವೆಯಲ್ಲಿ ಹೊರಳಾಡಿ ಬಂದಂತಿತ್ತು. ಅಷ್ಟೇ ಆಗಿದ್ದರೆ! ದೊಡ್ಡಮ್ಮನ ಕಿತ್ತಳೆ ಮೈಮೇಲೂ ಚುಕ್ಕೆ, ಚಿಕ್ಕಪ್ಪನ ರೆಕ್ಕೆಯಲ್ಲೂ ಚುಕ್ಕೆ. ದೊಡ್ಡಮ್ಮ ನೀರಿನ ಮೇಲ್ಭಾಗದಲ್ಲಿ ನಿಂತು ಬಾಯಿ ತೆರೆದು ತೆರೆದು ಉಸಿರಾಡುತ್ತಿತ್ತು.

ತಾಯಿ "ಏನಮ್ಮಾ" ಎಂದವಳು ಅಲ್ಲಿಗೇ ನಿಲ್ಲಿಸಿದಳು. ಆಮೇಲೆ ಮಗನ ತೋಳು ಹಿಡಿದುಕೊಂಡು, "ಏನಾದ್ರೂ ಮಾಡೋ. ನಿಮ್ಮಪ್ಪ ಕೈಯಾರೆ ತಂದ ಜೀವ ಇವೆರಡೇ ಕಣೋ ಉಳಿದಿರೋದು" ಅಂದಳು.

ಕ್ಷೌರಿಕ ಅಂಗಡಿ ಹಾಗೇ ಬಿಟ್ಟು ಸಾಕುಮೀನು ಮಾರುವ ಅಂಗಡಿಗೆ ಓಡಿದ. ತಾಮ್ರದ ಔಷಧಿಯ ಬಾಟಲಿ ತಂದ. ಬಂದವನೇ ಮುಚ್ಚಳ ತೆಗೆದು ದೊಡ್ಡ ತೊಟ್ಟಿಯ ಮೇಲೆ ಬಗ್ಗಿಸಿದ. ಅಷ್ಟರಲ್ಲಿ ತಾಯಿ ಅಕ್ಕನಿಗೆ ಫೋನ್ ಹಚ್ಚಿ, ಮಗ ದೊಡ್ಡ ತೊಟ್ಟಿಗೆ ತಾಮ್ರದ ಔಷಧಿ ಹಾಕುತ್ತಿದ್ದಾನೆಂದು ಹೇಳಿ, ಜೋರಾಗಿ ಕೇಳುವಂತೆ ಹಿಡಿದಿದ್ದಳು.

"ಒಂದು ಹನಿ ಬಿದ್ದರೆ ನೋಡು!" ಎಂದು ಫೋನಿನೊಳಗಿಂದಲೇ ಅಕ್ಕ ಗದರಿದಳು. "ತಾಮ್ರ ಬಿದ್ದರೆ ಸಿಗಡಿ, ಬಸವನಹುಳ, ಹವಳ ಎಲ್ಲಾ ಸಾಯ್ತವೆ. ಕಲ್ಲು ಮರಳು ಅದನ್ನ ಹೀರಿಕೊಂಡು ವರ್ಷಗಟ್ಟಲೆ ಇಟ್ಕೊಳ್ತವೆ. ಔಷಧಿ ಏನಿದ್ದರೂ ಚಿಕ್ಕ ತೊಟ್ಟಿಯಲ್ಲಿ. ಮರಳು ಬೇಡ, ಕಲ್ಲು ಬೇಡ. ಉಪ್ಪುನೀರು ಬೆರೆಸಿಟ್ಟಿದ್ದೀಯಾ?"

"ಇಲ್ಲ ಅಕ್ಕಾ."

"ಹೀಟರ್?"

"ಇಲ್ಲ."

"ಸಮುದ್ರದ ಮೀನಿಗೆ ಹಾಕೋ ಉಪ್ಪಾದ್ರೂ ಇದೆಯಾ?"

ಡಬ್ಬದ ತಳದಲ್ಲಿ ಒಂದು ಹಿಡಿಯಿತ್ತು. ಕ್ಷೌರಿಕ ಮತ್ತೆ ಓಡಿದ. ಉಪ್ಪು ಒಂದು ಅಂಗಡಿಯಲ್ಲಿ, ಹೀಟರ್ ಇನ್ನೊಂದರಲ್ಲಿ, ಏರ್ ಪಂಪ್ ಪೇಟೆಯ ಆ ತುದಿಯಲ್ಲಿ. ಹಿಂದಿರುಗಿದರೆ ತಾಯಿ ಟವೆಲ್‌ಗಳನ್ನು ನೆಲಕ್ಕೆ ಸುರಿದು ಚಿಕ್ಕ ತೊಟ್ಟಿಯನ್ನು ಸೋಪಿಲ್ಲದೆ ಬರೀ ನೀರಲ್ಲಿ ತೊಳೆದಿಟ್ಟಿದ್ದಳು. ಉಪ್ಪು ಬೆರೆಸಿದರು. ನೀರು ತಿಳಿಯಾಗಬೇಕು, ಬೆಚ್ಚಗಾಗಬೇಕು, ಉಪ್ಪಿನ ಅಳತೆ ದೊಡ್ಡ ತೊಟ್ಟಿಗೆ ಹೊಂದಬೇಕು. ಗಡಿಯಾರ ಮಾತ್ರ ಯಾರಿಗೂ ಕಾಯಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಹೊಸ ಅಳಿಯ ಕಲ್ಲಿನ ಸಂದಿಯಲ್ಲಿ ಅಡ್ಡಬಿದ್ದಿದ್ದ. ಸತ್ತಿದ್ದ.

"ಕುರ್ಚಿ ಮೇಲೆ ಗಿರಾಕಿ ಕೂತ ಮೇಲೆ ಬ್ಲೇಡ್ ತರೋಕೆ ಓಡ್ತೀಯೇನೋ?" ಅಂದಳು ತಾಯಿ. ಅವಳ ದನಿಯಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು. ಕ್ಷೌರಿಕ ಸತ್ತ ಮೀನನ್ನು ಬಲೆಯಲ್ಲಿ ಎತ್ತಿದ. ಒಂದು ಡ್ರಮ್ ನೀರು ಮೊದಲೇ ಬೆರೆಸಿಟ್ಟಿದ್ದರೆ ಅದು ಬದುಕುತ್ತಿತ್ತೇನೋ ಎಂಬ ಸಂಕಟ ಅವನನ್ನು ಆಮೇಲೂ ಬಿಡಲಿಲ್ಲ.

ಅಕ್ಕ ಅರ್ಧ ದಿನ ರಜೆ ಹಾಕಿ ಓಡಿಬಂದಳು. ಬಂದವಳು ದೊಡ್ಡ ತೊಟ್ಟಿಯ ಹಿಂಭಾಗದಲ್ಲಿ, ಫಿಲ್ಟರಿನ ಗೂಡಿನೊಳಗೆ ಕೈ ಹಾಕಿ ಕಂದು ಬಣ್ಣದ ಒಂದು ಸ್ಪಂಜ್ ತೆಗೆದಳು.

"ಅಯ್ಯೋ, ಆ ಗಲೀಜು ಸ್ಪಂಜಾ! ಎಸೀಬೇಕು ಅಂತ ಎಷ್ಟು ಸಲ ಅಂದ್ಕೊಂಡಿದ್ದೆ" ಅಂದ ಕ್ಷೌರಿಕ.

"ತೊಟ್ಟಿ ಕೊಟ್ಟ ದಿನ ನಾನೇ ಇಟ್ಟಿದ್ದು. ಎಸೆಯದೆ ಇದ್ದದ್ದು ನಿನ್ನ ಪುಣ್ಯ" ಅಂದಳು ಅಕ್ಕ. "ಮೀನಿನ ಹೊಲಸಿನಿಂದ ನೀರಲ್ಲಿ ಅಮೋನಿಯಾ ಅನ್ನೋ ವಿಷ ಸೇರುತ್ತೆ. ಅದನ್ನ ತಿಂದು ಕರಗಿಸೋ ಒಳ್ಳೆ ಸೂಕ್ಷ್ಮಜೀವಿಗಳು ಇದರಲ್ಲಿ ಮನೆ ಮಾಡಿವೆ. ಹೊಸ ಸ್ಪಂಜಿಗೆ ಅವು ಬರೋಕೆ ವಾರಗಟ್ಟಲೆ ಬೇಕು. ಇದು ಇವತ್ತೇ ಕೆಲಸ ಶುರುಮಾಡುತ್ತೆ."

"ಅಂದ್ರೆ ಇದು ಹೆಪ್ಪು ಇಟ್ಟ ಹಾಗೆ" ಅಂದಳು ತಾಯಿ, ಕಣ್ಣರಳಿಸಿ.

"ಹೂಂ ಅಮ್ಮಾ, ಅದೇ!"

ಸ್ಪಂಜಿಗೆ ಏರ್ ಪಂಪ್ ಸೇರಿಸಿ ಚಿಕ್ಕ ತೊಟ್ಟಿಗೆ ಇಳಿಸಿದರು. ಅಡಗಿಕೊಳ್ಳಲು ಒಂದು ಪ್ಲಾಸ್ಟಿಕ್ ಪೈಪಿನ ತುಂಡು ಹಾಕಿದರು. ದೊಡ್ಡಮ್ಮ, ಚಿಕ್ಕಪ್ಪ ಇಬ್ಬರೂ ಒಳಗೆ ಹೋಗಿ ಪೈಪಿನಲ್ಲಿ ಮುಖ ಇಟ್ಟುಕೊಂಡರು. ಅಕ್ಕ ಬಾಟಲಿಯ ಮೇಲಿನ ಅಳತೆ ಓದಿ ಔಷಧಿಯನ್ನು ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಏರಿಸಿದಳು. "ಕಡಿಮೆಯಾದ್ರೆ ಹುಳ ಸಾಯಲ್ಲ, ಹೆಚ್ಚಾದ್ರೆ ಮೀನೇ ಸಾಯುತ್ತೆ. ಅಂದಾಜು ಬೇಡ. ತಾಮ್ರಕ್ಕೊಂದು, ಅಮೋನಿಯಾಕ್ಕೊಂದು ಟೆಸ್ಟ್ ಕಿಟ್. ದಿನಾ ನೋಡಬೇಕು. ನೀರು ಬದಲಾಯಿಸಿದಾಗ ಹೊಸ ನೀರಿಗೂ ಅದೇ ಅಳತೆ. ಮೂವತ್ತು ದಿನ."

"ಚುಕ್ಕೆ ಹೋದ ಮೇಲೂನಾ?" ಕೇಳಿದ ಕ್ಷೌರಿಕ. ಕೇಳಿದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡ. "ಗೊತ್ತಾಯ್ತು ಬಿಡಿ. ಹೋಗಿರಲ್ಲ, ಇಳಿದಿರುತ್ತೆ."

ದೊಡ್ಡ ತೊಟ್ಟಿಯಲ್ಲಿ ಹನ್ನೊಂದು ವಾರ ಒಂದೂ ಮೀನು ಇರಬಾರದು ಅಂದಳು ಅಕ್ಕ. ಸಿಗಡಿ, ಹವಳಕ್ಕೆ ಈ ಹುಳ ಅಂಟುವುದಿಲ್ಲ. ಅಂಟಲು ಮೀನು ಸಿಗದಿದ್ದರೆ ಅದು ಹಸಿದು ಸಾಯುತ್ತದೆ. ಎರಡು ತೊಟ್ಟಿಗೂ ಬಲೆ ಬೇರೆ, ಬಕೆಟ್ ಬೇರೆ ಎಂಬುದನ್ನು ಕ್ಷೌರಿಕನಿಗೆ ಹೇಳಿಕೊಡಬೇಕಾಗಲಿಲ್ಲ. ಆ ವಿಷಯದಲ್ಲಿ ಅವನ ಕಸುಬು ಅವನಿಗೆ ಗೊತ್ತು.

ಮೊದಲ ಮೂರು ದಿನ ದೊಡ್ಡಮ್ಮ ಏನೂ ತಿನ್ನಲಿಲ್ಲ. ತಾಯಿಯೂ ಸರಿಯಾಗಿ ತಿನ್ನಲಿಲ್ಲ. ಗೋಡೆ ಗಡಿಯಾರ ನೋಡುತ್ತಾ ದೊಡ್ಡಮ್ಮನ ಕಿವಿರು ನಿಮಿಷಕ್ಕೆ ಎಷ್ಟು ಸಲ ಆಡುತ್ತದೆಂದು ಎಣಿಸಿ, ಸಂಜೆ ಅಕ್ಕನಿಗೆ ವರದಿ ಒಪ್ಪಿಸುತ್ತಿದ್ದಳು. ಮಧ್ಯೆ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪಿಹೋಗಿ ಗಿರಾಕಿ ಎಂಬುದನ್ನೂ ನೋಡದೆ ಬೈಯುತ್ತಿದ್ದಳು. ನಾಲ್ಕನೇ ದಿನ ಮಧ್ಯಾಹ್ನ ದೊಡ್ಡಮ್ಮ ಪೈಪಿನಿಂದ ಹೊರಬಂದು ಒಂದು ತುತ್ತು ಕಚ್ಚಿತು. "ತಿಂತು ಕಣೋ!" ಎಂದು ತಾಯಿ ಕೂಗಿದ ರಭಸಕ್ಕೆ ಕುರ್ಚಿಯಲ್ಲಿದ್ದ ಗಿರಾಕಿಯ ಮೀಸೆ ಒಂದು ಕಡೆ ಗಿಡ್ಡವಾಯಿತು. ಪಾಪ, ಅವನೂ ನಕ್ಕ.

ಔಷಧಿ ಮುಗಿದ ಮೇಲೂ ಮೀನುಗಳು ಚಿಕ್ಕ ತೊಟ್ಟಿಯಲ್ಲೇ ಇದ್ದು ಹನ್ನೊಂದು ವಾರ ಕಳೆಯಿತು. ಎರಡು ಮೀನೂ ಹಳೆಯ ಮನೆಗೆ ಮರಳಿದವು. ದೊಡ್ಡಮ್ಮ ಹೋದ ಕೂಡಲೇ ತನ್ನ ಮೂಲೆಯಲ್ಲಿ ಬಿಡಾರ ಹೂಡಿದ್ದ ಸಿಗಡಿಯನ್ನು ಓಡಿಸಿತು. ಮರುದಿನ ಬೆಳಿಗ್ಗೆ ತಾಯಿ ತೊಟ್ಟಿಯ ಮುಂದೆ ನಿಂತು, "ಏನಮ್ಮಾ ದೊಡ್ಡಮ್ಮಾ, ನಿದ್ದೆ ಆಯ್ತಾ?" ಎಂದು ಕೇಳಿ ಪೊರಕೆ ಹಿಡಿದಳು.

ಈಗ ಆ ಸಲೂನಿಗೆ ಹೋದರೆ ನೋಡಿ. ಟವೆಲ್‌ಗಳಿಗೆ ಒಂದು ಬುಟ್ಟಿ ಬಂದಿದೆ. ಚಿಕ್ಕ ತೊಟ್ಟಿ ತೊಳೆದು ಒಣಗಿ ಮೂಲೆಯಲ್ಲಿ ಕೂತಿದೆ, ಒಳಗೆ ಹೀಟರ್, ಪೈಪಿನ ತುಂಡು, ಅವಧಿ ಮುಗಿಯದ ಔಷಧಿ ಮತ್ತು ಟೆಸ್ಟ್ ಕಿಟ್. ಪಕ್ಕದಲ್ಲಿ ಮುಚ್ಚಳ ಹಾಕಿದ ಡ್ರಮ್ಮಿನಲ್ಲಿ ಬೆರೆಸಿಟ್ಟ ಉಪ್ಪುನೀರು. ದೊಡ್ಡ ತೊಟ್ಟಿಯ ಹಿಂದೆ ಹೊಸದೊಂದು ಸ್ಪಂಜ್ ಕಂದು ಬಣ್ಣಕ್ಕೆ ತಿರುಗುತ್ತಿದೆ. ಅದನ್ನು ಮುಟ್ಟಿದರೆ ತಾಯಿಯ ಕೈಯಲ್ಲಿ ಬೈಸಿಕೊಳ್ಳುವುದು ಖಂಡಿತ. ಮುಂದೆ ಯಾವ ಹೊಸ ಮೀನು ಬಂದರೂ ಮೊದಲು ಒಂದು ತಿಂಗಳು ಚಿಕ್ಕ ತೊಟ್ಟಿಯಲ್ಲೇ ವಾಸ, ಆಮೇಲೆ ದೊಡ್ಡ ಮನೆ.

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಉಪ್ಪುನೀರಿನ ಮೀನು ಸಾಕಿದ್ದೀರಾ? ಹಾಗಾದರೆ ಕಾಯಿಲೆ ಬಂದ ದಿನ ಅಂಗಡಿ ಅಂಗಡಿ ಓಡಬೇಡಿ. ಓಡಬೇಕಾದದ್ದು ಇವತ್ತು, ಮೀನು ಚೆನ್ನಾಗಿರುವಾಗ. ಯಾವ ರೋಗವೆಂದು ತಿಳಿಯದಿದ್ದರೆ ಬಲ್ಲವರನ್ನು ಕೇಳಿ, ಆಮೇಲೆ ಔಷಧಿ ಮುಟ್ಟಿ. ಚುಕ್ಕೆ ಮಾಯವಾಯಿತೆಂದು ಹಿಗ್ಗಬೇಡಿ. ಒಂದು ಚಿಕ್ಕ ತೊಟ್ಟಿ ಸಿದ್ಧವಿರಲಿ.

ಆಗಲೇ ಇದೆ ಅನ್ನುತ್ತೀರಾ? ಒಳ್ಳೆಯದು. ಒಂದು ಸಲ ಎದ್ದು ಹೋಗಿ ಅದರೊಳಗೆ ಏನಿದೆ ನೋಡಿ ಬನ್ನಿ. ಟವೆಲ್ ಇದ್ದರೆ ಈಗಲೇ ತೆಗೆಯಿರಿ.