ಮಂತ್ರಿಗಳು ಹೊರಟಿದ್ದಾರೆ

ನಮ್ಮ ಬೇಕರಿಯ ವ್ಯಾನು ಓಡಿಸುವವಳನ್ನು ಇಡೀ ಊರು ವ್ಯಾನಕ್ಕ ಅಂತಲೇ ಕರೆಯುತ್ತದೆ. ಹದಿನಾಲ್ಕು ವರ್ಷದಿಂದ ಬ್ರೆಡ್ಡು ಹಂಚುತ್ತಿದ್ದಾಳೆ. ಆರೂವರೆಗೆ ಆಸ್ಪತ್ರೆ, ಆರೂಮುಕ್ಕಾಲಿಗೆ ಹಾಸ್ಟೆಲ್ಲು, ಏಳಕ್ಕೆ ಬಸ್ ನಿಲ್ದಾಣದ ಅಂಗಡಿಗಳು. ಅವಳ ವ್ಯಾನು ನೋಡಿಕೊಂಡು ಹಾಸ್ಟೆಲ್ಲಿನ ವಾಚ್‌ಮನ್ ತನ್ನ ಗಡಿಯಾರ ಸರಿಮಾಡಿಕೊಳ್ಳುತ್ತಾನೆ. ನಾನು ಅದೇ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆಚೆ ಬದಿಯಲ್ಲಿ ಅವಳು, ಅವಳ ತಾಯಿ, ಹನ್ನೊಂದು ವರ್ಷ ಚಿಕ್ಕವನಾದ ತಮ್ಮ.

ತಮ್ಮ ಐಸ್ ಕಾರ್ಖಾನೆಯಲ್ಲಿ ಮೆಕ್ಯಾನಿಕ್ಕು. ಹಿಂದೊಮ್ಮೆ ಎರಡು ವರ್ಷ ಸೈನ್ಯದಲ್ಲಿ ಇದ್ದು ಬಂದಿದ್ದ. ಯುದ್ಧ ಶುರುವಾದಾಗ ಅಂಥವರನ್ನೆಲ್ಲ ವಾಪಸು ಕರೆದರು. ಜಗಳ ಒಂದು ಬೋಳುಗುಡ್ಡಕ್ಕೆ. ಅದರ ಮೇಲೆ ಹುಲ್ಲು ಬೆಳೆಯುವುದಿಲ್ಲ, ತೋಡಿದರೆ ನೀರು ಸಿಗುವುದಿಲ್ಲ. ಎರಡು ದೇಶಗಳ ಮಾನ ಮಾತ್ರ ಅಲ್ಲಿ ಹುಲುಸಾಗಿ ಬೆಳೆದಿತ್ತು. ರಕ್ಷಣಾ ಮಂತ್ರಿಗಳು ಟೀವಿಯಲ್ಲಿ ಕೂತು, ಇದೆಲ್ಲ ಮೂರು ವಾರದ ಕೆಲಸ ಅಂದರು. ಆ ಮಾತು ಆಡಿ ಏಳನೇ ತಿಂಗಳಲ್ಲಿ ವ್ಯಾನಕ್ಕನ ಮನೆಗೆ ಎರಡು ಕಾಗದ ಒಟ್ಟಿಗೆ ಬಂದವು. ಒಂದರಲ್ಲಿ ತಮ್ಮ ತೀರಿಕೊಂಡ ಸುದ್ದಿ. ಇನ್ನೊಂದು ರೈಲ್ವೆ ಪಾರ್ಸೆಲ್ ರಸೀದಿ.

ಶವದ ಪೆಟ್ಟಿಗೆ ಬರುವ ದಿನ ಮಾಲೀಕರು ಬೇಕರಿಗೆ ರಜೆ ಕೊಡಲಿಲ್ಲ, ಆದರೆ ವ್ಯಾನು ತಗೊಂಡು ಹೋಗಿ ಅಂದರು. ಬೆಳಗಿನ ಬ್ರೆಡ್ಡು ಹಂಚಿ ಮುಗಿಸಿಯೇ ವ್ಯಾನಕ್ಕ ಬಂದಳು. ಇವತ್ತಾದರೂ ಬಿಡಬಾರದಿತ್ತೇ ಅಂತ ಕೇಳಿದ್ದಕ್ಕೆ, ಆಸ್ಪತ್ರೆಯವರು ಏನು ತಿನ್ನಬೇಕು ಅಂತ ನನ್ನನ್ನೇ ಕೇಳಿದಳು. ತಾಯಿಯನ್ನು ಮುಂದೆ ಕೂರಿಸಿಕೊಂಡೆವು. ಎಂಟಕ್ಕೆ ಸ್ಟೇಷನ್ನಿನಲ್ಲಿದ್ದೆವು.

ಮೊದಲನೇ ಪ್ಲಾಟ್‌ಫಾರ್ಮಿನಲ್ಲಿ ಪೆಂಡಾಲು ಹಾಕಿ ಕೆಂಪು ಜಮಖಾನ ಹಾಸಿದ್ದರು. ಮೈಕು, ಬ್ಯಾಂಡಿನವರು, ಮಂತ್ರಿಗಳ ಆಳೆತ್ತರದ ಚಿತ್ರ, ಅದರ ಮೂಲೆಯಲ್ಲಿ ಅಂಚೆಚೀಟಿಯಷ್ಟು ತಮ್ಮನ ಮುಖ. ಜಮಖಾನದ ನಡುವೆ ಬಾವುಟ ಹೊದ್ದ ಪೆಟ್ಟಿಗೆ. ಮುಂದಿನ ಸಾಲಿನ ಸೋಫಾಗಳು ಗಣ್ಯರಿಗೆ ಅಂತ ಚೀಟಿ ಅಂಟಿಸಿದ್ದರಿಂದ ತಾಯಿಗೆ ಮೂರನೇ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು.

ಎಲ್ಲದರ ಉಸ್ತುವಾರಿ ಒಬ್ಬ ಶಿಷ್ಟಾಚಾರದ ಅಧಿಕಾರಿಯದು. ಕೈಯಲ್ಲಿ ಸದಾ ಕರವಸ್ತ್ರ ಹಿಡಿದಿದ್ದ ಆತ ಬಹಳ ಮೆತ್ತಗಿನ ಮಾತಿನ ಮನುಷ್ಯ. ಒಂಬತ್ತಕ್ಕೆ ಮಂತ್ರಿಗಳು ಬಂದು ಹೂಗುಚ್ಛ ಇಡುತ್ತಾರೆ, ಆಮೇಲೆ ಮೆರವಣಿಗೆ, ವೀರರ ಮೈದಾನದಲ್ಲಿ ಸಕಲ ಗೌರವದ ಸಂಸ್ಕಾರ ಅಂದ. ಅಪ್ಪನ ಪಕ್ಕದಲ್ಲಿ ಮಣ್ಣು ಮಾಡೋಣ ಅಂತಿದ್ದೆವಲ್ಲ ಅಂತ ತಾಯಿ ಕೇಳಿದರು. ಈಗ ಅವನು ನಿಮ್ಮೊಬ್ಬರ ಮಗ ಅಲ್ಲ, ದೇಶದ ಮಗ ಅಂತ ಅಧಿಕಾರಿ ಸಮಾಧಾನ ಹೇಳಿದ. ಹೆರುವಾಗ ದೇಶ ಎಲ್ಲಿತ್ತೋ ಅಂತ ತಾಯಿ ಗೊಣಗಿದ್ದು ನನಗೆ ಮಾತ್ರ ಕೇಳಿಸಿತು.

ಒಂಬತ್ತಾಯಿತು. ಮಂತ್ರಿಗಳು ಹೊರಟಿದ್ದಾರೆ ಅಂದರು. ಹತ್ತೂವರೆಗೂ ಹೊರಟೇ ಇದ್ದರು. ಹನ್ನೊಂದಕ್ಕೆ ದಾರಿಯಲ್ಲಿ ಒಂದು ಈಜುಕೊಳದ ಉದ್ಘಾಟನೆ ಇದೆ, ಅದು ಮುಗಿದ ಕೂಡಲೇ ಅಂದರು. ಹನ್ನೆರಡಕ್ಕೆ ಮತ್ತೆ ಹೊರಟರು. ಬಿಸಿಲು ತಗಡಿನ ಮಾಡಿನಿಂದ ಇಳಿದು ಪೆಂಡಾಲಿನ ಒಳಗೇ ಬಂದು ಕೂತಿತು. ನಾನು ದಿನವೂ ಒಲೆ ಮುಂದೆ ನಿಲ್ಲುವವನು, ನನಗೇ ತಡೆಯಲಾಗಲಿಲ್ಲ. ಬ್ಯಾಂಡಿನವರು ಶೋಕದ ರಾಗ ಬಿಟ್ಟು ತಿಂಡಿಯ ಪೊಟ್ಟಣ ಬಿಚ್ಚಿದರು.

ಒಂದು ಗಂಟೆ ಹೊತ್ತಿಗೆ ಐಸ್ ಕಾರ್ಖಾನೆಯ ನಾಲ್ವರು ತಳ್ಳುಗಾಡಿಯಲ್ಲಿ ಎರಡು ದೊಡ್ಡ ಮಂಜುಗಡ್ಡೆ ತಂದರು. ಯಾರೂ ಹೇಳಿ ಕಳಿಸಿರಲಿಲ್ಲ. ತಮ್ಮ ರಿಪೇರಿ ಮಾಡಿದ್ದ ಯಂತ್ರದ್ದೇ ಐಸು. ಪೆಟ್ಟಿಗೆಯ ಎರಡು ಬದಿಗೆ ಇಡುತ್ತೇವೆ ಅಂದರು. ಅಧಿಕಾರಿ ಓಡಿ ಬಂದು ಅಡ್ಡ ನಿಂತ. ಕರಗಿದರೆ ಜಮಖಾನ ಒದ್ದೆಯಾಗುತ್ತದೆ, ಮಂತ್ರಿಗಳು ಜಾರಿ ಬಿದ್ದರೆ ಯಾರು ಹೊಣೆ ಅಂದ. ಆ ನಾಲ್ವರು ಗಾಡಿ ಹಿಡಿದು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತರು. ಐಸು ಹಳಿಯ ಮೇಲೆ ತೊಟ್ಟಿಕ್ಕಿ ಹೋಯಿತು.

ವ್ಯಾನಕ್ಕ ಅಳಲಿಲ್ಲ. ಪೆಟ್ಟಿಗೆಯ ಜೊತೆ ಬಂದಿದ್ದ, ಮೀಸೆ ನರೆತ ಸಿಪಾಯಿಯೊಬ್ಬ ನೀರಿನ ನಲ್ಲಿಯ ಹತ್ತಿರ ಕೂತಿದ್ದ. ಅವನಿಗೆ ಚಹಾ ಕೊಡಿಸಿ, ತಮ್ಮ ಹೇಗೆ ಹೋದ ಅಂತ ಕೇಳಿದಳು. ಕಾಗದದಲ್ಲಿ ‘ವೀರಾವೇಶದಿಂದ ಹೋರಾಡುತ್ತ’ ಅಂತಿತ್ತು. ಸಿಪಾಯಿ ಲೋಟ ಕೆಳಗಿಟ್ಟ. ಹೋರಾಟ ಅವತ್ತು ಇರಲೇ ಇಲ್ಲ ಅಂದ. ಮಂತ್ರಿಗಳು ಗುಡ್ಡ ನೋಡಲು ಬರುತ್ತಾರೆ, ಫೋಟೋದವರೂ ಬರುತ್ತಾರೆ, ದಾರಿ ಚಂದ ಕಾಣಬೇಕು, ಎರಡು ಬದಿಯ ಕಲ್ಲುಗಳಿಗೂ ಸುಣ್ಣ ಬಳಿಯಿರಿ ಅಂತ ಆಜ್ಞೆ ಬಂದಿತ್ತಂತೆ. ಹನ್ನೆರಡು ಜನ ಎರಡು ದಿನ ಬಳಿದರು. ಏಳು ತಿಂಗಳಿಂದ ಆಚೆಯವರ ಕಣ್ಣಿಗೆ ಬೀಳದಿದ್ದ ದಾರಿ, ತಲೆ ಬಾಚಿ ಬೈತಲೆ ತೆಗೆದ ಹಾಗೆ ಎದ್ದು ಕಂಡಿತು. ಮೂರನೇ ದಿನ ಬೆಳಗ್ಗೆ ಎಲ್ಲರೂ ಬಕೆಟ್ಟು, ಬ್ರಷ್ಷು ಪಕ್ಕಕ್ಕಿಟ್ಟು ಸಾಲಾಗಿ ನಿಂತು ಕಾಯುತ್ತಿದ್ದಾಗ ಶೆಲ್ಲು ಬಿತ್ತು. ಐದು ಜನ ಹೋದರು.

“ಮಂತ್ರಿಗಳು?” ಅಂತ ವ್ಯಾನಕ್ಕ ಕೇಳಿದಳು.

“ಅವತ್ತೂ ಬರಲಿಲ್ಲಮ್ಮ,” ಅಂದ ಸಿಪಾಯಿ. “ಮಂಜು ಜಾಸ್ತಿ ಇದೆ ಅಂತ ವಾಪಸ್ ಹೋದರಂತೆ.”

ಅವಳು ಲೋಟಗಳನ್ನು ಅಂಗಡಿಗೆ ಕೊಟ್ಟು ಬಂದಳು. ನನ್ನ ಹತ್ತಿರ ಬಂದು, ವ್ಯಾನಿನಲ್ಲಿರುವ ಟ್ರೇಗಳನ್ನೆಲ್ಲ ತೆಗೆದು ಕೆಳಗಿಡು ಅಂದಳು. ನನಗೆ ಅರ್ಥವಾಯಿತು. ಹೋಗಿ ತೆಗೆದೆ.

ಅವಳು ಪಾರ್ಸೆಲ್ ಕಚೇರಿಗೆ ಹೋಗಿ ರಸೀದಿಯನ್ನು ಕಿಟಕಿಯೊಳಗೆ ತಳ್ಳಿದಳು. ಅಲ್ಲಿನ ಗುಮಾಸ್ತ ಮೂವತ್ತೊಂದು ವರ್ಷದಿಂದ ಅದೇ ಕುರ್ಚಿಯಲ್ಲಿದ್ದ. ಇಡೀ ಊರು ಬೈದುಕೊಳ್ಳುವಷ್ಟು ಕಾನೂನಿನ ಮನುಷ್ಯ. ಸೀಲು ಸೊಟ್ಟಗೆ ಬಿದ್ದಿದೆ ಅಂತ ಒಮ್ಮೆ ನಮ್ಮ ಮೈದಾ ಮೂಟೆಗಳನ್ನು ನಾಲ್ಕು ದಿನ ತಡೆದಿದ್ದ. ರಸೀದಿಯನ್ನು ಹಿಂದೆ ಮುಂದೆ ನೋಡಿ ಪುಸ್ತಕ ಬಿಚ್ಚಿದ. ಅಷ್ಟರಲ್ಲಿ ಅಧಿಕಾರಿ ಸುಳಿವು ಹಿಡಿದು ಬಂದೇಬಿಟ್ಟ. ಗೌರವ ಸಲ್ಲುವ ತನಕ ಪೆಟ್ಟಿಗೆ ಸರ್ಕಾರದ್ದು, ಮುಟ್ಟುವ ಹಾಗಿಲ್ಲ ಅಂದ.

ಗುಮಾಸ್ತ ಕನ್ನಡಕ ಮೇಲೆ ಮಾಡಿ ರಸೀದಿ ತೋರಿಸಿದ. “ಕಳಿಸಿದವರು, ಸೈನ್ಯ. ಪಡೆಯುವವರು, ಅಕ್ಕ. ಮಂತ್ರಿ ಅನ್ನೋ ಕಾಲಮ್ಮೇ ಇಲ್ವಲ್ಲ ಸ್ವಾಮಿ. ನಾನೆಲ್ಲಿ ಬರೀಲಿ?”

ಅಧಿಕಾರಿಯ ಮೆತ್ತಗಿನ ಮಾತು ಅವತ್ತು ಮೊದಲ ಸಲ ಗಟ್ಟಿಯಾಯಿತು. ಮೇಲಿನವರಿಗೆ ಫೋನು ಮಾಡುತ್ತೇನೆ ಅಂತ ಸ್ಟೇಷನ್ ಮಾಸ್ತರರ ಕೋಣೆಗೆ ಧಾವಿಸಿದ. ಮೇಲಿನವರು ಊಟಕ್ಕೆ ಕೂತಿದ್ದರು, ಮಂತ್ರಿಗಳ ಜೊತೆಗೇ. ಆ ಊಟ ನಮಗೆ ಮುಕ್ಕಾಲು ಗಂಟೆ ಕೊಟ್ಟಿತು. ನಾನು ಕಂಡಂತೆ ಆ ಸರ್ಕಾರ ನಮಗೆ ಮಾಡಿದ ಒಂದೇ ಉಪಕಾರ ಅದು.

ವ್ಯಾನಕ್ಕ ಸಹಿ ಹಾಕಿದಳು, ಗುಮಾಸ್ತ ಸೀಲು ಒತ್ತಿದ, ಅದು ನೆಟ್ಟಗೆ ಬಿದ್ದಿದೆಯೇ ಅಂತ ಬಗ್ಗಿ ನೋಡಿದ. ಐಸಿನ ನಾಲ್ವರು, ಸಿಪಾಯಿ, ನಾನು ಸೇರಿ ಪೆಟ್ಟಿಗೆ ಎತ್ತಿದೆವು. ಕಾವಲಿಗಿದ್ದ ಕಾನ್‌ಸ್ಟೇಬಲ್ ನಮ್ಮ ಕಡೆ ಬಂದ. ಅವನ ಮಗನೂ ಗುಡ್ಡದಲ್ಲಿದ್ದಾನೆ ಅಂತ ಆಮೇಲೆ ತಿಳಿಯಿತು. ಬಂದವನು ಅಲ್ಲಿದ್ದ ರೈಲುಗಳ ವೇಳಾಪಟ್ಟಿಯ ಕಡೆ ತಿರುಗಿ, ಇಷ್ಟು ವರ್ಷ ಓದದೇ ಬಿಟ್ಟಿದ್ದೇ ತಪ್ಪಾಯಿತು ಅನ್ನುವ ಹಾಗೆ ಒಂದೊಂದೇ ಸಾಲು ಓದತೊಡಗಿದ.

ಎತ್ತುವ ಮೊದಲು ವ್ಯಾನಕ್ಕ ಬಾವುಟ ತೆಗೆದು, ಮೂಲೆಗೆ ಮೂಲೆ ಸೇರಿಸಿ ಮಡಚಿ, ಗಣ್ಯರ ಸೋಫಾದ ಮೇಲೆ ಇಟ್ಟಿದ್ದಳು. “ಇದು ಅವರದು,” ಅಂದಳು. “ಅವನು ನಮ್ಮೋನು.”

ಪೆಟ್ಟಿಗೆ ಉದ್ದವಾಗಿ ವ್ಯಾನಿನ ಹಿಂಬಾಗಿಲು ಹಾಕಲು ಬರಲಿಲ್ಲ. ಹಗ್ಗ ಕಟ್ಟಿದೆವು. ತಾಯಿ ಮುಂದೆ ಕೂರಲು ಒಪ್ಪದೆ ಬ್ರೆಡ್ ಟ್ರೇ ಮಗುಚಿ ಹಾಕಿಕೊಂಡು ಪೆಟ್ಟಿಗೆಯ ಪಕ್ಕ ಕೂತರು. ದಾರಿಯುದ್ದಕ್ಕೂ ಅಂಗೈಯಲ್ಲಿ ಹಲಗೆ ಸವರುತ್ತಲೇ ಇದ್ದರು. ಕೈಗೆಲ್ಲ ಹಿಟ್ಟು ಹತ್ತಿತು. ಇವನು ಚಿಕ್ಕಂದಿನಲ್ಲಿ ಈ ವ್ಯಾನಿನೊಳಗೇ ನಿದ್ದೆ ಹೋಗುತ್ತಿದ್ದ, ಬ್ರೆಡ್ಡಿನ ವಾಸನೆಗೆ ಅಂತ ನನಗೆ ಹೇಳಿದರು. ಮೂರೂವರೆಗೆಲ್ಲ ಅವನ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿ ಮುಗಿಸಿದೆವು. ನಾವು ಎಂಟು ಜನ ಇದ್ದೆವು. ಭಾಷಣ ಇರಲಿಲ್ಲ.

ಮಂತ್ರಿಗಳು ನಾಲ್ಕೂ ಇಪ್ಪತ್ತಕ್ಕೆ ಬಂದರು. ವಾಪಸು ಬರುವಾಗ ಕ್ಷೌರದಂಗಡಿಯ ಟೀವಿಯಲ್ಲಿ ನಾವೇ ಕಣ್ಣಾರೆ ಕಂಡೆವು. ಕೆಂಪು ಜಮಖಾನದ ಮೇಲೆ ಬಾವುಟ ಹೊದ್ದ ಪೆಟ್ಟಿಗೆ ಇತ್ತು. ಮಂತ್ರಿಗಳು ಹೂಗುಚ್ಛ ಹಿಡಿದು ಒಂದು ಗಳಿಗೆ ಗೊಂದಲಕ್ಕೆ ಬಿದ್ದರು. ತಲೆ ಯಾವ ಕಡೆ ಅಂತ ಅಧಿಕಾರಿಯನ್ನು ಮೆಲ್ಲಗೆ ಕೇಳಿದ್ದು ಮೈಕಿನಲ್ಲಿ ಬಂತು. ಅಧಿಕಾರಿ ಒಂದು ತುದಿ ತೋರಿಸಿದ. ಮಂತ್ರಿಗಳು ಆ ತುದಿಗೆ ಹಣೆ ಹಚ್ಚಿ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಈ ವೀರನ ಜೊತೆ ನಾನು ಗುಡ್ಡದ ಮೇಲೆ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದೆ ಅಂದರು. ಅರ್ಧ ಗಡ್ಡ ಕೆರೆಸಿಕೊಂಡಿದ್ದ ಗಿರಾಕಿಯೊಬ್ಬ ಕುರ್ಚಿಯಲ್ಲೇ ತಿರುಗಿ ನಮ್ಮ ಮುಖ ನೋಡಿದ.

ಅಧಿಕಾರಿ ತರಿಸಿಟ್ಟಿದ್ದ ಆ ಪೆಟ್ಟಿಗೆಯೊಳಗೆ ಇದ್ದದ್ದು ಪುರಸಭೆಗೆ ಬಂದಿದ್ದ ಚರಂಡಿ ಕೊಳವೆಗಳು. ಪಾರ್ಸೆಲ್ ಉಗ್ರಾಣದಲ್ಲಿ ಅಷ್ಟುದ್ದದ ಪೆಟ್ಟಿಗೆ ಬೇರೆ ಇರಲಿಲ್ಲವಂತೆ. ಮೆರವಣಿಗೆ ಆಯಿತು, ಬಂದೂಕುಗಳು ಆಕಾಶಕ್ಕೆ ಸಿಡಿದವು, ಕೊಳವೆಗಳು ವೀರರ ಮೈದಾನ ಸೇರಿದವು. ತಿಂಗಳ ನಂತರ ಪುರಸಭೆಯ ಎಂಜಿನಿಯರು, ನಮ್ಮ ಸರಕು ಎಲ್ಲಿ ಅಂತ ಪಾರ್ಸೆಲ್ ಕಚೇರಿಗೆ ಪತ್ರ ಬರೆದ. ಗುಮಾಸ್ತ ಸುಳ್ಳು ಬರೆಯುವವನಲ್ಲ. ‘ಸಕಲ ಸರ್ಕಾರಿ ಗೌರವಗಳೊಂದಿಗೆ ವಿಲೇವಾರಿಯಾಗಿದೆ’ ಅಂತ ಷರಾ ಬರೆದು ಸೀಲು ಒತ್ತಿ ಕಳಿಸಿದ. ಅದೇ ವಾರ ಅವನನ್ನು ದಿನಕ್ಕೊಂದೇ ರೈಲು ನಿಲ್ಲುವ ಸ್ಟೇಷನ್ನಿಗೆ ಎತ್ತಿ ಹಾಕಿದರು.

ವ್ಯಾನಕ್ಕನಿಗೆ ಬಂದದ್ದು ಆರೋಗ್ಯ ಇಲಾಖೆಯ ನೋಟೀಸು: ಆಹಾರ ಸಾಗಿಸುವ ವಾಹನದಲ್ಲಿ ಇತರ ಸರಕು ಸಾಗಿಸಿದ್ದೇಕೆ? ‘ಇತರ ಸರಕು’ ಅನ್ನುವ ಕಡೆ ಅವಳ ಬೆರಳು ನಿಂತಿತು. ಅವತ್ತೇ ನಾನು ಅವಳು ಅತ್ತದ್ದನ್ನು ನೋಡಿದ್ದು. ಬೇಕರಿಯ ಹಿತ್ತಿಲಲ್ಲಿ, ಖಾಲಿ ಟ್ರೇಗಳ ನಡುವೆ ನಿಂತು, ಸದ್ದಿಲ್ಲದೆ, ಬಹಳ ಹೊತ್ತು ಅತ್ತಳು. ಆಮೇಲೆ ಮುಖ ತೊಳೆದು ಮಧ್ಯಾಹ್ನದ ಪಾಳಿಗೆ ಹೋದಳು.

ಅಧಿಕಾರಿ ಒಂದು ದಿನ ಮನೆಗೇ ಬಂದ. ಕಟ್ಟು ಹಾಕಿಸಿದ ಫೋಟೋ ತಂದಿದ್ದ. ಮಂತ್ರಿಗಳು ಕೊಳವೆ ತಬ್ಬಿ ಅಳುತ್ತಿರುವುದು. ಬರುವ ತಿಂಗಳು ವೀರರ ಮೈದಾನದಲ್ಲಿ ಸ್ಮರಣೆಯ ಕಾರ್ಯಕ್ರಮವಿದೆ, ತಾಯಿ ಬಂದು ಮಂತ್ರಿಗಳ ಪಕ್ಕ ನಿಲ್ಲಬೇಕು, ಮಾತಾಡುವುದೇನೂ ಬೇಡ, ನಿಂತರೆ ಸಾಕು ಅಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಧಾಟಿ. ತಾಯಿ ಫೋಟೋವನ್ನು ದೂರ ಹಿಡಿದು ನೋಡಿದರು.

“ನನ್ನ ಮಗ ಇವರಿಗೋಸ್ಕರ ಎರಡು ಸಲ ಕಾದಿದ್ದಾನೆ,” ಅಂದರು. “ನನ್ನಿಂದ ಆಗಲ್ಲಪ್ಪ. ಮಂಡಿ ನೋವು.”

ಅಧಿಕಾರಿ ಮಂಡಿಗೆ ಕುರ್ಚಿಯ ವ್ಯವಸ್ಥೆ ಮಾಡಿಸುತ್ತೇನೆ ಅಂದ. ಸೋಫಾನೇ ಆಗಬಹುದು ಅಂತಲೂ ಅಂದ. ತಾಯಿ ಎದ್ದು ಒಳಗೆ ಹೋದರು.

ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಮುಂದಿನ ಸಲ ಮೂರು ಪೆಟ್ಟಿಗೆ ಬಂದಾಗ ರೈಲಿಗಿಂತ ಮೊದಲೇ ಮನೆಯವರು ರಸೀದಿ ಹಿಡಿದು ಕಿಟಕಿಯ ಮುಂದೆ ನಿಂತಿದ್ದರು. ಒಬ್ಬರು ಹಾಲಿನ ಗಾಡಿ, ಒಬ್ಬರು ಟ್ರ್ಯಾಕ್ಟರು, ಒಬ್ಬರು ಬರಿಗೈ. ಹೊಸ ಗುಮಾಸ್ತನಿಗೂ ರಸೀದಿಯಲ್ಲಿ ಮಂತ್ರಿಯ ಕಾಲಮ್ಮು ಸಿಗಲಿಲ್ಲ. ಮಂತ್ರಿಗಳು ಬಂದಾಗ ಪ್ಲಾಟ್‌ಫಾರ್ಮಿನಲ್ಲಿ ಬ್ಯಾಂಡಿನವರು ಮಾತ್ರ ಇದ್ದರು. ಸರ್ಕಾರ ಕೂಡಲೇ ಎಚ್ಚೆತ್ತುಕೊಂಡಿತು. ಯುದ್ಧ ನಿಲ್ಲಿಸಿತು ಅಂದುಕೊಂಡೀರಿ, ಹಾಗಲ್ಲ. ಪೆಟ್ಟಿಗೆಗಳನ್ನು ರೈಲಿನಲ್ಲಿ ಕಳಿಸುವುದನ್ನು ನಿಲ್ಲಿಸಿತು. ಈಗ ಅವು ಊರಾಚೆಯ ಸೈನಿಕ ವಿಮಾನ ನಿಲ್ದಾಣಕ್ಕೆ ಬರುತ್ತವೆ. ಸುತ್ತ ತಂತಿ ಬೇಲಿ, ಗೇಟಿನಲ್ಲಿ ಕಾವಲು. ಒಳಗಿನ ಕೆಲಸ ಮುಗಿಯುವ ತನಕ ಮನೆಯವರು ಹೊರಗೆ ರಸ್ತೆಯಲ್ಲಿ ನಿಲ್ಲಬೇಕು.

ವ್ಯಾನಕ್ಕ ಬೆಳಗಿನ ಬ್ರೆಡ್ಡು ಹಂಚಿದ ಮೇಲೆ ಅಲ್ಲಿಗೆ ಹೋಗುತ್ತಾಳೆ. ಬಸ್ಸು ಹೋಗದ ಜಾಗ, ಹಾಗಾಗಿ ಮನೆಯವರನ್ನು ಕರೆದುಕೊಂಡು ಹೋಗಿ ಬಿಡುತ್ತಾಳೆ. ಹೋದ ವಾರ ನಾನೂ ಜೊತೆಗಿದ್ದೆ. ಗೇಟಿನ ಮುಂದೆ ವ್ಯಾನು ನಿಲ್ಲಿಸಿ, ಮಂತ್ರಿಗಳು ಎಲ್ಲಿದ್ದಾರೆ ಅಂತ ಕಾವಲಿನವನನ್ನು ಕೇಳಿದಳು. ಹೊರಟಿದ್ದಾರೆ ಅಂದ. ಅವಳು ಸೀಟಿಗೆ ಒರಗಿ ಕೂತು ಹಾರ್ನಿನ ಮೇಲೆ ಅಂಗೈ ಇಟ್ಟು ಒತ್ತಿದಳು, ತೆಗೆಯಲಿಲ್ಲ. ಕಾವಲಿನವನು ಕಿವಿ ಮುಚ್ಚಿಕೊಂಡು ಒಳಗೆ ಓಡಿದ. ನಮ್ಮ ಹಿಂದೆ ನಿಂತಿದ್ದ ಹಾಲಿನ ಗಾಡಿಯವನೂ ಒತ್ತತೊಡಗಿದ, ಅವನ ಹಿಂದಿನ ಟ್ರ್ಯಾಕ್ಟರಿನವನೂ.